ಚಂಡಮಾರುತದೊಳಗೆ ಇಟ್ಟುಬಂದ ಕ್ಯಾಮೆರಾ ನಡುವೆಯೇ ನಿಂತರೆ: ದೋಷ ಹುಡುಕುವ ಬಗೆ

ಪೆಟ್ಟಿಗೆ ಸಿಕ್ಕಿದೆ. ಮೈಯೆಲ್ಲ ಕೆಸರು. ಕಟ್ಟಿದ ಪಟ್ಟಿಗೆ ಯಾರದೋ ಮನೆಯ ಕಿಟಕಿ ಪರದೆ ಸುತ್ತಿಕೊಂಡಿದೆ. ಒಳಗೆ ಕ್ಯಾಮೆರಾ ಇದೆ, ಅದರ ಕೆಂಪು ದೀಪ ಆರಿದೆ. ಏನು ಸಿಕ್ಕಿರಬಹುದು ಅಂತ ನೋಡುವ ಆಸೆ ತಡೆಯಲು ಆಗುವುದಿಲ್ಲ. ಆದರೂ ಆನ್ ಬಟನ್ ಒತ್ತಬೇಡಿ.

ನಾನಿರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ, ಹುಟ್ಟಿದ್ದು ಉಳ್ಳಾಲದಲ್ಲಿ. ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಕೆಲಸ. ಇಲ್ಲಿ ಹರಿಕೇನ್ ಅಂತ ಕರೆಯುವ ಚಂಡಮಾರುತಗಳ ಬೆನ್ನು ಹತ್ತುವ ಗೆಳೆಯನೊಬ್ಬ ಇದ್ದಾನೆ. ಗಾಳಿ ಬರುವ ಮುಂಚೆ ಕಡಲ ದಂಡೆಯ ಕಂಬಗಳಿಗೆ ಕ್ಯಾಮೆರಾ ಪೆಟ್ಟಿಗೆ ಕಟ್ಟಿ, ತಾನು ಎತ್ತರದ ಜಾಗಕ್ಕೆ ಹೊರಟುಬಿಡುತ್ತಾನೆ. ಗಾಳಿ ಹೋದ ಮೇಲೆ ಹುಡುಕಿ ತರುತ್ತಾನೆ. ಕೆಟ್ಟು ಬಂದದ್ದನ್ನು ಬಿಚ್ಚಿ, ಏಕೆ ಕೆಟ್ಟಿತು ಅಂತ ನೋಡುವುದು ನನ್ನ ಪಾಲು.

ಹರಿಕೇನ್ ಅಂದರೆ ಜನ ಗಾಳಿಗೆ ಹೆದರುತ್ತಾರೆ. ಜಾಸ್ತಿ ಜೀವ ತೆಗೆಯುವುದು ನೀರು. ಗಾಳಿ ನೂಕಿಕೊಂಡು ಬರುವ ಕಡಲನ್ನು ಇಲ್ಲಿ ಸರ್ಜ್ ಅನ್ನುತ್ತಾರೆ. 2022ರ ಸೆಪ್ಟೆಂಬರ್ 28ರಂದು ಇಯಾನ್ ಎಂಬ ಹರಿಕೇನ್ ಬಂದಾಗ ಫ್ಲೋರಿಡಾದ ಫೋರ್ಟ್ ಮೈಯರ್ಸ್ ಬೀಚ್ ಎಂಬ ಊರಿನಲ್ಲಿ ನೆಲದಿಂದ 10ರಿಂದ 15 ಅಡಿವರೆಗೆ ನೀರು ಏರಿತ್ತು. ಇಯಾನ್‌ನ ಸರ್ಜ್ ಒಂದೇ 41 ಜನರನ್ನು ಕೊಂಡೊಯ್ದಿತು. ಅದೇ ದಿನ ಮ್ಯಾಕ್ಸ್ ಓಲ್ಸನ್ ಎಂಬ ಚೇಸರ್, ಅಂದರೆ ಹರಿಕೇನ್ ಬೆನ್ನು ಹತ್ತುವವ, ಆ ಊರಲ್ಲಿ ಇಟ್ಟುಬಂದಿದ್ದ ಕ್ಯಾಮೆರಾ, ರಸ್ತೆ ಹೊಳೆಯಾಗಿ, ಹೊಳೆ ಕಡಲೇ ಆಗುವುದನ್ನು ಹಿಡಿದಿಟ್ಟಿತು. 15 ಅಡಿ ನೀರು ಬರುತ್ತದೆ ಅಂತ ಕಿವಿಯಲ್ಲಿ ಕೇಳಿ ಮನೆ ಬಿಡದವರು, ಅದನ್ನು ಕಣ್ಣಲ್ಲಿ ನೋಡಿದರೆ ಬಿಡುತ್ತಾರೆ ಅಂತ ನಾನು ನಂಬಿದ್ದೇನೆ. ಆ ಜಾಗದಲ್ಲಿ ಮನುಷ್ಯ ನಿಲ್ಲಬಾರದು. ಪೆಟ್ಟಿಗೆ ನಿಲ್ಲಬೇಕು. ಅದಕ್ಕೇ ಪೆಟ್ಟಿಗೆ ಕೈಕೊಟ್ಟರೆ ನನಗೆ ಅಷ್ಟು ಸಂಕಟ.

ಗೆಳೆಯನ ಮೂರನೇ ನಂಬರಿನ ಪೆಟ್ಟಿಗೆ ಒಮ್ಮೆ ಹಾಗೆ ಕೈಕೊಟ್ಟಿತು. ನೀರು ರಸ್ತೆಗೆ ಬರುವ ಮುಂಚೆಯೇ ನಿಂತುಹೋಗಿತ್ತು. ಒಳಗೆ ಒಂದು ಹನಿ ನೀರಿಲ್ಲ. ಪವರ್ ಬ್ಯಾಂಕ್‌ನ ಬಟನ್ ಒತ್ತಿದರೆ ನಾಲ್ಕು ದೀಪಗಳಲ್ಲಿ ಮೂರು ಹತ್ತಿದವು. ಕ್ಯಾಮೆರಾ ಮಾತ್ರ ಸತ್ತಂತೆ ಬಿದ್ದಿತ್ತು. ಅದರ ಕಥೆ ಮುಂದೆ ಬರುತ್ತದೆ.

ಮೊದಲ ಒಂದು ಗಂಟೆ

ಕೈಗೆ ಗ್ಲೌಸ್ ಹಾಕಿ. ಸರ್ಜ್ ನೀರು ಬರೀ ಕಡಲ ನೀರಲ್ಲ. ಅದರಲ್ಲಿ ಚರಂಡಿ, ಪೆಟ್ರೋಲ್, ಮುರಿದ ಗಾಜು ಎಲ್ಲ ಸೇರಿರುತ್ತದೆ. ಪೆಟ್ಟಿಗೆಯನ್ನು ಕಂಬದಿಂದ ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಪಟ್ಟಿ ಎಲ್ಲಿದೆ, ಪೆಟ್ಟಿಗೆ ಎಷ್ಟು ವಾಲಿದೆ, ಕೆಸರಿನ ಗೆರೆ ಯಾವ ಎತ್ತರದಲ್ಲಿದೆ, ಇವೆಲ್ಲ ಆಮೇಲೆ ಬೇಕಾಗುತ್ತವೆ. ಬಿಚ್ಚಿದ ಮೇಲೆ ಗುರುತು ಸಿಗುವುದಿಲ್ಲ.

ಮುಚ್ಚಳ ತೆಗೆಯುವ ಮುಂಚೆ ಹೊರಮೈಯನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ. ಇಲ್ಲದಿದ್ದರೆ ತೆಗೆಯುವಾಗ ಅಂಚಿನ ಮರಳು, ಉಪ್ಪು ಒಳಗೆ ಬೀಳುತ್ತದೆ. ಆಗ ನೀರು ಮೊದಲೇ ಒಳಗೆ ಹೋಗಿತ್ತೋ, ನೀವೇ ಬೀಳಿಸಿದಿರೋ ಗೊತ್ತಾಗುವುದಿಲ್ಲ.

ಒಳಗೆ ನೀರು ಕಂಡರೆ ಬ್ಯಾಟರಿಯನ್ನು ತಕ್ಷಣ ಬೇರೆ ಮಾಡಿ, ಮನೆಯಿಂದ ದೂರ, ಸಿಮೆಂಟು ನೆಲದ ಮೇಲಿಡಿ. ಕಾರಿನ ಡಿಕ್ಕಿಯಲ್ಲಿ ಖಂಡಿತ ಬೇಡ. ಉಪ್ಪು ನೀರು ಕುಡಿದ ಲಿಥಿಯಂ ಬ್ಯಾಟರಿ ಆಗಲೇ ಸುಮ್ಮನಿದ್ದು, ದಿನಗಳ ಮೇಲೆ ಹೊತ್ತಿಕೊಳ್ಳಬಹುದು. ಇಯಾನ್ ಆದ ಮೇಲೆ ಫ್ಲೋರಿಡಾದಲ್ಲಿ ಮುಳುಗೆದ್ದ ಎಲೆಕ್ಟ್ರಿಕ್ ಕಾರುಗಳು ಹೀಗೇ ಉರಿದವು.

ಇನ್ನು ಮೆಮೊರಿ ಕಾರ್ಡ್. ಅದರೊಳಗೆ ಬ್ಯಾಟರಿ ಇಲ್ಲ. ಕರೆಂಟ್ ಹರಿಯದಿದ್ದರೆ ಉಪ್ಪು ನೀರು ಅದನ್ನು ತಕ್ಷಣ ಕೊಲ್ಲುವುದಿಲ್ಲ. ಒದ್ದೆಯಾಗಿದ್ದಾಗ ಆನ್ ಮಾಡಿದರೆ ಮಾತ್ರ ಚಿನ್ನದ ಬಣ್ಣದ ಕಾಲುಗಳು ಕೊರೆದುಹೋಗುತ್ತವೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ತೆಗೆದು, ಫ್ಯಾನ್ ಗಾಳಿಗೆ ಒಂದು ದಿನ ಒಣಗಿಸಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ, ಅದರ ಹುಡಿಯೇ ಇನ್ನೊಂದು ತೊಂದರೆ. ಒಣಗಿದ ಮೇಲೆ ಕಾರ್ಡನ್ನು ಕ್ಯಾಮೆರಾಗೆ ಹಾಕದೆ ಕಂಪ್ಯೂಟರಿಗೆ ಹಾಕಿ, ಇಡೀ ಕಾರ್ಡಿನ ನಕಲು ತೆಗೆದುಕೊಳ್ಳಿ. "ಫಾರ್ಮ್ಯಾಟ್ ಮಾಡಲೇ?", "ಸರಿಪಡಿಸಲೇ?" ಅಂತ ಕೇಳಿದರೆ ಬೇಡ ಅನ್ನಿ. ಮುಂದಿನ ಕೆಲಸವೆಲ್ಲ ನಕಲಿನ ಮೇಲೆಯೇ.

ಕೊನೆಯ ಫೈಲ್ ತೆರೆಯದಿದ್ದರೆ ಎದೆಗುಂದಬೇಡಿ. ಎಂಪಿ4 ಫೈಲ್ ತನ್ನ ಸೂಚಿಯನ್ನು ರೆಕಾರ್ಡಿಂಗ್ ಮುಗಿದಾಗ ಕೊನೆಯಲ್ಲಿ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಪುಟಗಳೆಲ್ಲ ಇರುತ್ತವೆ, ಯಾವ ಪುಟ ಎಲ್ಲಿ ಅಂತ ಹೇಳುವ ಪಟ್ಟಿ ಇರುವುದಿಲ್ಲ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಒಂದು ನಿಮಿಷದ ಹೊಸ ವಿಡಿಯೋ ತೆಗೆಯಿರಿ. ಅದನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್‌ನಂಥ ಉಚಿತ ಸಾಫ್ಟ್‌ವೇರ್ ಹಳೆಯದನ್ನು ಬಹಳ ಸಲ ಎಬ್ಬಿಸುತ್ತದೆ. ಮುಂದಿನ ಸಲಕ್ಕೆ ಕ್ಯಾಮೆರಾವನ್ನು ಒಂದೇ ಉದ್ದದ ಫೈಲ್ ಬರೆಯಲು ಬಿಡಬೇಡಿ. ಐದೈದು ನಿಮಿಷದ ತುಂಡು ಮಾಡಿಸಿ. ಆಗ ಹೋದರೆ ಐದು ನಿಮಿಷ ಹೋಗುತ್ತದೆ, ಐದು ಗಂಟೆ ಅಲ್ಲ.

ಕೊನೆಯ ಫ್ರೇಮ್‌ನಿಂದ ಹಿಂದಕ್ಕೆ ನೋಡಿ

ಎಲ್ಲರೂ ವಿಡಿಯೋವನ್ನು ಮೊದಲಿನಿಂದ ನೋಡುತ್ತಾರೆ. ದೋಷ ಹುಡುಕುವವರು ಕೊನೆಯ ಹತ್ತು ನಿಮಿಷದಿಂದ ಶುರು ಮಾಡಬೇಕು. ಕ್ಯಾಮೆರಾ ಹೇಗೆ ನಿಂತಿತು ಅನ್ನುವುದರಲ್ಲೇ ಏಕೆ ನಿಂತಿತು ಅನ್ನುವುದು ಇರುತ್ತದೆ.

ಚಿತ್ರ ಸ್ಪಷ್ಟವಾಗಿದ್ದು ದಿಢೀರ್ ಅಂತ ಮುಗಿದಿದೆಯಾ? ಹಾಗಿದ್ದರೆ ಕರೆಂಟ್, ಕಾರ್ಡ್ ಅಥವಾ ಬಿಸಿ. ನಿಧಾನವಾಗಿ ಹಾಲಿನಂತೆ ಬೆಳ್ಳಗಾಯಿತಾ? ಅದು ಹಬೆ ಅಥವಾ ಉಪ್ಪು. ಕೆಳಗಿನಿಂದ ನೀರಿನ ಗೆರೆ ಏರಿ, ಅದು ಗಾಜಿನ ಒಳಗಡೆ ಕಾಣುತ್ತಿದೆಯಾ? ಸೀಲ್ ಸೋರಿದೆ. ಚಿತ್ರ ನಡುಗಿ, ವಾಲಿ, ಆಕಾಶ ತೋರಿಸಿ ನಿಂತಿತಾ? ಕಟ್ಟಿದ್ದು ಸಡಿಲಾಗಿದೆ. ಫೋನಿಗೆ ಬರುತ್ತಿದ್ದ ಲೈವ್ ನಿಂತಿದ್ದು, ಕಾರ್ಡಿನಲ್ಲಿ ಎಲ್ಲ ಇದೆಯಾ? ಅದು ದೋಷವೇ ಅಲ್ಲ, ಮೊಬೈಲ್ ಟವರ್ ಸತ್ತಿದೆ ಅಷ್ಟೆ. ಟವರ್ ಬಿದ್ದಿರಲೇಬೇಕು ಅಂತಿಲ್ಲ. ಅದರ ಬ್ಯಾಟರಿ ಮುಗಿದರೂ, ಅದಕ್ಕೆ ಬರುವ ಕೇಬಲ್ ಕಡಿದರೂ ಸಾಕು. ಲೈವ್ ಅನ್ನು ಹೆಚ್ಚುವರಿ ಲಾಭ ಅಂದುಕೊಳ್ಳಿ, ಕಾರ್ಡನ್ನು ಮಾತ್ರ ನಂಬಿ.

ಸ್ಪಷ್ಟ ಚಿತ್ರ ದಿಢೀರ್ ನಿಂತಾಗ

ಮೊದಲು ಪವರ್ ಬ್ಯಾಂಕ್ ನೋಡಿ, ಆಮೇಲೆ ಕ್ಯಾಮೆರಾದ ಒಳ ಬ್ಯಾಟರಿ ಅಳೆಯಿರಿ.

ಎರಡೂ ಖಾಲಿ ಇದ್ದರೆ ಲೆಕ್ಕ ತಪ್ಪಿದೆ. ಈ ಲೆಕ್ಕದಲ್ಲಿ ಎಡವದವರು ಕಡಿಮೆ. 20,000 ಎಂಎಎಚ್ ಅಂತ ಬರೆದಿರುವುದು ಒಳಗಿನ ಸೆಲ್‌ಗಳ 3.7 ವೋಲ್ಟ್ ಲೆಕ್ಕದಲ್ಲಿ. ಅಂದರೆ 74 ವ್ಯಾಟ್ ಅವರ್. ಅದನ್ನು 5 ವೋಲ್ಟ್‌ಗೆ ಏರಿಸುವಾಗ ಸ್ವಲ್ಪ ಬಿಸಿಯಾಗಿ ಹೋಗಿ, ಕೈಗೆ ಬರುವುದು ಸುಮಾರು 63. ಕ್ಯಾಮೆರಾ 5 ವ್ಯಾಟ್ ತಿನ್ನುತ್ತದೆ ಅಂದರೆ ಹನ್ನೆರಡೂವರೆ ಗಂಟೆ. ಸಾಕಲ್ವಾ ಅನ್ನಿಸಬಹುದು. ಸಾಲದು. ಗಾಳಿ ಒಂದೇ ಸಮ ಗಂಟೆಗೆ 40 ಮೈಲಿ ದಾಟುವ ಹೊತ್ತಿಗೆ ಇಲ್ಲಿನ ದೊಡ್ಡ ಸೇತುವೆಗಳನ್ನು ಮುಚ್ಚುತ್ತಾರೆ. ದ್ವೀಪದಲ್ಲಿ ಪೆಟ್ಟಿಗೆ ಕಟ್ಟಿದವರು ಅದಕ್ಕಿಂತ ಬಹಳ ಮುಂಚೆ ಹೊರಬರಬೇಕು. ಇಯಾನ್ ನೆಲ ಮುಟ್ಟಿದ್ದು ಮಧ್ಯಾಹ್ನ 3 ಗಂಟೆ 5 ನಿಮಿಷಕ್ಕೆ, ಕಾಯೋ ಕೋಸ್ಟಾ ದ್ವೀಪದಲ್ಲಿ. ಹಿಂದಿನ ರಾತ್ರಿ 8 ಗಂಟೆಗೆ ಆನ್ ಮಾಡಿಟ್ಟ ಕ್ಯಾಮೆರಾ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಅದರೊಳಗೆ ಇರುವುದು ರಾತ್ರಿಯ ಕತ್ತಲೆ ಮತ್ತು ಬೆಳಗಿನ ಮಳೆ ಮಾತ್ರ. ಹರಿಕೇನ್ ಮುಂದೆ ಸಾಗುವ ವೇಗ ನಡುವೆ ತಗ್ಗಿ, ಬರುವುದು ಇನ್ನೂ ತಡವಾಗುವುದೂ ಉಂಟು. ಕನಿಷ್ಠ 24 ಗಂಟೆಗೆ ಲೆಕ್ಕ ಹಾಕಿ.

ಪವರ್ ಬ್ಯಾಂಕ್ ಖಾಲಿ, ಒಳ ಬ್ಯಾಟರಿ ತುಂಬಿದೆ ಅಂದರೆ ಕರೆಂಟ್ ಕಾರಣ ಅಲ್ಲ. ಕ್ಯಾಮೆರಾ ತಾನೇ ರೆಕಾರ್ಡಿಂಗ್ ನಿಲ್ಲಿಸಿದೆ. ಕಾರ್ಡ್ ನೋಡಿ.

ಪವರ್ ಬ್ಯಾಂಕ್ ತುಂಬಿದೆ, ಒಳ ಬ್ಯಾಟರಿ ಖಾಲಿ ಅಂದರೆ ಇವೆರಡರ ನಡುವೆ ಎಲ್ಲೋ ಸಂಪರ್ಕ ಕಡಿದಿದೆ. ಒಂದು ಕಾರಣ ವೈರ್. ಗಾಳಿಗೆ ಕಂಬ ಗಂಟೆಗಟ್ಟಲೆ ನಡುಗುತ್ತದೆ. ಯುಎಸ್‌ಬಿ ಪಿನ್ ಅರ್ಧ ಮಿಲಿಮೀಟರ್ ಸರಿದರೆ ಮುಗಿಯಿತು. ಕೆಲವು ಕ್ಯಾಮೆರಾಗಳಲ್ಲಿ ಇನ್ನೂ ಕಷ್ಟ. ವೈರ್ ಒಮ್ಮೆ ಬಿಟ್ಟು ಮತ್ತೆ ಕೂಡಿದರೆ, ಕಂಪ್ಯೂಟರ್ ಸಿಕ್ಕಿತು ಅಂದುಕೊಂಡು ರೆಕಾರ್ಡಿಂಗ್ ಬಿಟ್ಟು ಬೇರೆ ಪರದೆ ತೋರಿಸುತ್ತಾ ಕೂರುತ್ತವೆ. ವೈರ್ ಎರಡೂ ತುದಿಯಲ್ಲಿ ಎಳೆತ ಬೀಳದಂತೆ ಒಂದು ಬಳಸು ಬಿಟ್ಟು, ಪೆಟ್ಟಿಗೆಯ ಗೋಡೆಗೆ ಅಂಟಿಸಿ.

ಮೂರನೇ ಪೆಟ್ಟಿಗೆಯಲ್ಲಿ ವೈರ್ ಗಟ್ಟಿಯಾಗಿತ್ತು. ಎಳೆದು ನೋಡಿದೆ, ಅಲುಗಾಡಿಸಿ ಅಳೆದೆ, ಏನೂ ತಪ್ಪಿಲ್ಲ. ಕೊನೆಗೆ ನೋಡಿದ್ದು ಫೈಲ್‌ಗಳ ಗಾತ್ರ. ಇದು ಒಳ್ಳೆಯ ಉಪಾಯ, ನೆನಪಿಟ್ಟುಕೊಳ್ಳಿ. ಫೈಲ್ ತೆರೆಯದಿದ್ದರೂ ಗಾತ್ರದಿಂದ ಹೊತ್ತು ಲೆಕ್ಕ ಹಾಕಬಹುದು. ಅದು ಸೆಕೆಂಡಿಗೆ 60 ಮೆಗಾಬಿಟ್‌ನಲ್ಲಿ ಬರೆಯುತ್ತಿತ್ತು. ಅಂದರೆ ಗಂಟೆಗೆ 27 ಜಿಬಿ. ಕಾರ್ಡಿನಲ್ಲಿ ಇದ್ದದ್ದು 40 ಜಿಬಿ ಚಿಲ್ಲರೆ. ಸುಮಾರು ಒಂದೂವರೆ ಗಂಟೆ. ಅದು ಆ ಕ್ಯಾಮೆರಾದ ಒಳ ಬ್ಯಾಟರಿ ಒಂಟಿಯಾಗಿ ನಡೆಯುವ ಹೊತ್ತು. ಅಂದರೆ ರೆಕಾರ್ಡಿಂಗ್ ಶುರುವಾದಾಗಿನಿಂದಲೇ ಪವರ್ ಬ್ಯಾಂಕ್ ಅದಕ್ಕೆ ಒಂದು ಹನಿಯನ್ನೂ ಕೊಟ್ಟಿರಲಿಲ್ಲ.

ಗೆಳೆಯನಿಗೆ ಫೋನ್ ಮಾಡಿ ಕೇಳಿದೆ, "ಈ ಸಲ ಏನಾದರೂ ಬದಲಾಯಿಸಿದ್ದೆಯಾ?" ಬದಲಾಯಿಸಿದ್ದ. ಹಿಂದಿನ ಸಲ ಬ್ಯಾಟರಿ ಬೇಗ ಮುಗಿಯಿತು ಅಂತ ಟೈಮರ್ ಹಾಕಿದ್ದ. ರಾತ್ರಿಯೆಲ್ಲ ಕ್ಯಾಮೆರಾ ನಿದ್ದೆಯಲ್ಲಿದ್ದು, ಬೆಳಿಗ್ಗೆ 6ಕ್ಕೆ ತಾನೇ ಎದ್ದು ರೆಕಾರ್ಡ್ ಮಾಡಬೇಕು. ಯೋಚನೆ ಸರಿಯಾಗಿಯೇ ಇತ್ತು. ಆದರೆ ಹೆಚ್ಚಿನ ಪವರ್ ಬ್ಯಾಂಕ್‌ಗಳು ಫೋನ್ ಚಾರ್ಜ್ ಮಾಡಲು ಹುಟ್ಟಿದವು. ಎಳೆಯುವ ಕರೆಂಟ್ ತೀರಾ ಕಡಿಮೆಯಾದರೆ, ಫೋನ್ ತುಂಬಿತು ಅಂದುಕೊಂಡು ತಾವೇ ಆಫ್ ಆಗುತ್ತವೆ. ಆಮೇಲೆ ಬಟನ್ ಒತ್ತದೆ ಏಳುವುದಿಲ್ಲ ಎಂಬ ಜಾತಿಯೂ ಇದೆ. ಕ್ಯಾಮೆರಾ ನಿದ್ದೆ ಹೋಯಿತು, ಬ್ಯಾಂಕ್ ಕೂಡ ನಿದ್ದೆ ಹೋಯಿತು. ಬೆಳಿಗ್ಗೆ ಕ್ಯಾಮೆರಾ ಒಂದೇ ಎದ್ದಿತು. ಒಂದೂವರೆ ಗಂಟೆ ಒಬ್ಬಂಟಿಯಾಗಿ ದುಡಿದು ಮಲಗಿತು.

ಹಳೆ ದೋಷಕ್ಕೆ ಹಾಕಿದ ಮದ್ದೇ ಹೊಸ ದೋಷ ತಂದಿತ್ತು. ಈ ಥರದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ಪೆಟ್ಟಿಗೆ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ಇದೇ ಆಗಿದೆ: ಕಳೆದ ಸಲಕ್ಕಿಂತ ಏನು ಬೇರೆ?

ಕಾರ್ಡಿನ ವಿಷಯದಲ್ಲಿ ಮೂರು ಮಾತು. ತುಂಬಿಹೋಯಿತಾ ಅಂತ ಮೊದಲು ನೋಡಿ. 60 ಮೆಗಾಬಿಟ್‌ನಲ್ಲಿ 128 ಜಿಬಿ ಕಾರ್ಡ್ ಐದು ಗಂಟೆಯನ್ನೂ ಮುಟ್ಟುವುದಿಲ್ಲ. ನಾನು 30 ಮೆಗಾಬಿಟ್ ಇಡಿ ಅನ್ನುತ್ತೇನೆ. 24 ಗಂಟೆಗೆ 324 ಜಿಬಿ, 512ರ ಕಾರ್ಡಿನಲ್ಲಿ ಆರಾಮ. ಅದಕ್ಕಿಂತ ಬಹಳ ಇಳಿಸಿದರೆ ಮಳೆಯ ಗೆರೆಗಳೆಲ್ಲ ಕಲಸಿದ ಗಂಜಿಯಂತೆ ಕಾಣುತ್ತವೆ. ಎರಡನೆಯದು ನಕಲಿ ಕಾರ್ಡ್. ಹೊರಗೆ 512 ಅಂತ ಬರೆದಿದ್ದು ಒಳಗೆ 32 ಮಾತ್ರ ಇರುವ ಕಾರ್ಡ್‌ಗಳಿವೆ. ಬರೆಯುತ್ತಲೇ ಹೋಗುತ್ತವೆ, 32 ಜಿಬಿಗಿಂತ ಹೆಚ್ಚು ಉಳಿಸುವುದಿಲ್ಲ. ಕೊಂಡ ದಿನವೇ ಕಾರ್ಡ್ ಪೂರ್ತಿ ತುಂಬಿಸಿ ಮತ್ತೆ ಓದಿ ನೋಡಿ, ಎಫ್3 ಎಂಬ ಸಾಫ್ಟ್‌ವೇರ್ ಆ ಕೆಲಸಕ್ಕೆ ಇದೆ. ಮೂರನೆಯದು ನನಗೆ ಜಾಸ್ತಿ ನೋವು ಕೊಟ್ಟದ್ದು, ಲೂಪ್ ರೆಕಾರ್ಡಿಂಗ್. ಕಾರಿನ ಕ್ಯಾಮೆರಾಗಳಲ್ಲಿ ಇದು ಆನ್ ಆಗಿಯೇ ಬರುತ್ತದೆ. ಕಾರ್ಡ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಕ್ಯಾಮೆರಾ ಎಲ್ಲೂ ನಿಲ್ಲಲಿಲ್ಲ, ಎಲ್ಲವೂ ಸರಿ ಇತ್ತು, ಆದರೆ ಕಾರ್ಡಿನಲ್ಲಿ ಇರುವುದು ನೀರು ಇಳಿದ ಮೇಲಿನ ಕತ್ತಲೆ ರಾತ್ರಿ ಮಾತ್ರ. ಲೂಪ್ ಆಫ್ ಮಾಡಿ.

ಬಿಸಿಯ ದೋಷ ಬೇಗ ಗೊತ್ತಾಗುತ್ತದೆ. ರೆಕಾರ್ಡಿಂಗ್ ನಿಂತದ್ದು ಗಾಳಿ ಬರುವ ಮುಂಚಿನ ಬಿಸಿಲಿನಲ್ಲಿ, ಪೆಟ್ಟಿಗೆಯ ಬಣ್ಣ ಕಪ್ಪು ಅಂದರೆ ಅದೇ. ಬಿಳಿ ಪೆಟ್ಟಿಗೆ ಬಳಸಿ, ಕ್ಯಾಮೆರಾದ ಬೆನ್ನನ್ನು ಒಂದು ಅಲ್ಯುಮಿನಿಯಂ ತಗಡಿಗೆ ಒತ್ತಿಸಿಡಿ.

ಒಳಗೆ ನೀರು ಬಂದಿದ್ದರೆ

ಐಪಿ67 ಅಂತ ಪೆಟ್ಟಿಗೆಯ ಮೇಲೆ ಬರೆದಿದೆ, ಆದರೂ ಸೋರಿತು ಅಂತ ಬೇಜಾರು ಮಾಡಿಕೊಳ್ಳುವವರು ಬಹಳ. ಐಪಿ67 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ. ಅಷ್ಟೇ. ಅದೂ ನಿಂತ ನೀರಲ್ಲಿ. ಸರ್ಜ್‌ನಲ್ಲಿ ಪೆಟ್ಟಿಗೆಯ ಮೇಲೆ ಮೂರು ಮೀಟರ್ ನೀರು ನಿಂತರೆ, 10 ಸೆಂಟಿಮೀಟರ್ ಚೌಕದ ಕಿಟಕಿಯ ಮೇಲೆ 30 ಕೆಜಿ ಭಾರ ಕೂತ ಹಾಗೆ. ತೆಳು ಪ್ಲಾಸ್ಟಿಕ್ ಒಳಕ್ಕೆ ಬಾಗುತ್ತದೆ, ಅಂಚಿನ ಅಂಟು ಬಿಡುತ್ತದೆ. ಅದರ ಮೇಲೆ ಅಲೆ ಬೇರೆ ಬಡಿಯುತ್ತದೆ.

ಆದರೆ ನೀರಿನ ಆಳಕ್ಕಿಂತ ಮುಂಚೆಯೇ ಇನ್ನೊಂದು ಸಂಗತಿ ನಡೆದಿರುತ್ತದೆ. ಪೆಟ್ಟಿಗೆ ಉಸಿರಾಡುತ್ತದೆ.

2018ರ ಅಕ್ಟೋಬರ್ 10ರಂದು ಮೈಕಲ್ ಎಂಬ ಹರಿಕೇನ್ ಫ್ಲೋರಿಡಾದ ಮೆಕ್ಸಿಕೋ ಬೀಚ್ ಎಂಬ ಊರಿನ ಹತ್ತಿರ ನೆಲ ಮುಟ್ಟಿದಾಗ ಅದರ ಕಣ್ಣಿನಲ್ಲಿ, ಅಂದರೆ ನಟ್ಟನಡುವಿನ ಶಾಂತ ಜಾಗದಲ್ಲಿ, ಗಾಳಿಯ ಒತ್ತಡ 919 ಮಿಲಿಬಾರ್ ಇತ್ತು. ಸಾಮಾನ್ಯ ದಿನ ಅದು 1010ರ ಆಸುಪಾಸು. ಸಾಮಾನ್ಯ ದಿನದ ಗಾಳಿ ಒಳಗಿಟ್ಟು ಮುಚ್ಚಿದ ಪೆಟ್ಟಿಗೆ ಅಂಥ ಕಣ್ಣಿನೊಳಗೆ ಸಿಕ್ಕಿದರೆ, ಒಳಗಿನ ಗಾಳಿ ಹೊರಕ್ಕೆ ನೂಕುತ್ತದೆ. 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಮುಚ್ಚಳದ ಮೇಲೆ ಅದು 55 ಕೆಜಿ ಎತ್ತಿದ ಹಾಗೆ. ರಬ್ಬರ್ ಸುತ್ತು ಒಂದೆಡೆ ಸ್ವಲ್ಪ ಸಡಿಲಾಗಿ ಗಾಳಿ ಹೊರಹೋಗುತ್ತದೆ. ಯಾರಿಗೂ ಕಾಣುವುದಿಲ್ಲ. ಕಣ್ಣು ದಾಟಿದ ಮೇಲೆ ಹೊರಗಿನ ಒತ್ತಡ ಏರುತ್ತದೆ. ಈಗ ಪೆಟ್ಟಿಗೆ ಉಸಿರು ಒಳಕ್ಕೆ ಎಳೆಯುತ್ತದೆ. ಸುತ್ತ ಇರುವುದು ನೀರು.

ಬಿಸಿಲಿಗೆ ಕಾದ ಪೆಟ್ಟಿಗೆಯ ಮೇಲೆ ತಣ್ಣನೆ ಮಳೆ ಬಿದ್ದರೂ ಇದೇ ಕಥೆ. ಒಳಗಿನ ಗಾಳಿ 40 ಡಿಗ್ರಿಯಿಂದ 25ಕ್ಕೆ ಇಳಿದರೆ ಒತ್ತಡ ನೂರಕ್ಕೆ ಐದರಷ್ಟು ಕುಗ್ಗುತ್ತದೆ. ಅರ್ಧ ಮೀಟರ್ ನೀರಲ್ಲಿ ಮುಳುಗಿಸಿದ್ದಕ್ಕೆ ಸಮ.

ಅದಕ್ಕೆ ಮದ್ದು, ಗಾಳಿ ಬಿಟ್ಟು ನೀರು ಬಿಡದ ಒಂದು ಚಿಕ್ಕ ವೆಂಟ್. ಪೊರೆಯಿರುವ ಈ ವೆಂಟ್ ಒಳ್ಳೆಯ ಪೆಟ್ಟಿಗೆಗಳಲ್ಲಿ ಬಂದೇ ಇರುತ್ತದೆ. ದೋಷ ಹುಡುಕುವಾಗ ಅದರ ಮೇಲೆ ಟೇಪ್ ಅಂಟಿದೆಯಾ, ಸ್ಟಿಕರ್ ಹಚ್ಚಿದ್ದಾರಾ ಅಂತ ನೋಡಿ. ತೂತು ಕಂಡರೆ ಮುಚ್ಚುವುದು ನಮ್ಮ ಕೈಯ ಗುಣ. ಇಲ್ಲಿ ಹಾಗೆ ಮಾಡಬಾರದು.

ನೀರು ಎಲ್ಲಿಂದ ಬಂತು ಅಂತ ತಿಳಿಯಲು ಒಣಗಿದ ಉಪ್ಪಿನ ಗೆರೆ ನೋಡಿ. ಗೆರೆ ಶುರುವಾಗುವ ಜಾಗವೇ ಬಾಗಿಲು. ರಬ್ಬರ್ ಸುತ್ತಿನ ಮೇಲೆ ಬೆರಳಾಡಿಸಿ. ಒಂದು ಕೂದಲು, ಒಂದು ಮರಳ ಕಾಳು, ಸಿಲಿಕಾ ಜೆಲ್ ಪೊಟ್ಟಣದ ಮೂಲೆ ಸಿಕ್ಕಿಕೊಂಡಿದ್ದರೂ ಸಾಕು. ಸುತ್ತು ಸರಿಯಿದ್ದರೆ ಆಂಟೆನಾ ವೈರ್ ನೋಡಿ. ವೈರಿನ ಹೊರಪೊರೆ ಬಿಗಿಯಾಗಿ ಹಿಡಿದಿದ್ದರೂ, ತುದಿ ನೀರಲ್ಲಿ ತೆರೆದಿದ್ದರೆ ಒಳಗಿನ ಎಳೆಗಳ ನಡುವಿನಿಂದ ನೀರು ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರಿ ಬರುತ್ತದೆ. ಇದನ್ನು ಹಿಡಿಯಲು ನನಗೆ ಎರಡು ವಾರ ಬೇಕಾಯಿತು. ವೈರನ್ನು ಉದ್ದಕ್ಕೆ ಸೀಳಿದಾಗ ಒಳಗೆ ತಾಮ್ರ ಹಸಿರಾಗಿತ್ತು.

ಸರಿ ಮಾಡಿದ ಮೇಲೆ ಪರೀಕ್ಷೆ ಹೀಗೆ. ಕ್ಯಾಮೆರಾ ತೆಗೆದು, ಒಳಗೆ ಮೂಲೆ ಮೂಲೆಗೆ ಟಿಶ್ಯೂ ಕಾಗದ ಇಟ್ಟು, ಕಲ್ಲು ಕಟ್ಟಿ ಆಳವಾದ ಈಜುಕೊಳದ ತಳಕ್ಕೆ ಬಿಡಿ. ಬಕೆಟ್ ಸಾಲದು. ಯಾವ ಮೂಲೆಯ ಕಾಗದ ಒದ್ದೆಯಾಯಿತು ಅನ್ನುವುದೇ ಉತ್ತರ.

ಮಸುಕು: ಹಬೆಯೋ, ಉಪ್ಪೋ, ಹನಿಯೋ

ಒರೆಸಿ ನೋಡುವ ಮುಂಚೆ ಗಾಜನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಒಳಗಡೆ ಒಂದೇ ಸಮನಾಗಿ ಮಸುಕಿದ್ದರೆ ಹಬೆ. ಹೊರಗಡೆ ಚುಕ್ಕೆ, ಗೆರೆ ಇದ್ದರೆ ಉಪ್ಪು. ಉಳ್ಳಾಲದಲ್ಲಿ ಮಳೆಗಾಲ ಶುರುವಾಗುವ ಮುಂಚೆ ಕಡಲು ಅಬ್ಬರಿಸುವಾಗ ನಮ್ಮ ಮನೆಯ ಕಿಟಕಿ ಗಾಜು ಹೀಗೇ ಆಗುತ್ತಿತ್ತು. ಅಮ್ಮ ಒಣ ಬಟ್ಟೆಯಲ್ಲಿ ಒರೆಸಲು ಬಿಡುತ್ತಿರಲಿಲ್ಲ, ಗೀರು ಬೀಳುತ್ತದೆ ಅಂತ. ಇಲ್ಲೂ ಅದೇ. ಮೊದಲು ನೀರು, ಆಮೇಲೆ ಬಟ್ಟೆ.

ಹಬೆ ಬಂದಿದ್ದರೆ ಸಿಲಿಕಾ ಜೆಲ್‌ನ ಬಣ್ಣ ನೋಡಿ. ಬಣ್ಣ ಬದಲಾಗಿದ್ದರೆ ಅದು ಮೊದಲೇ ತೇವ ಕುಡಿದು ತಣಿದಿದೆ, ಇಟ್ಟೂ ಪ್ರಯೋಜನವಿಲ್ಲ. ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಪೆಟ್ಟಿಗೆಯನ್ನು ಏರ್ ಕಂಡೀಷನ್ ಇರುವ ಒಣ ಕೋಣೆಯಲ್ಲಿ ಮುಚ್ಚಿ. ಕಡಲ ದಂಡೆಯ ತೇವದಲ್ಲಿ ನಿಂತು ಮುಚ್ಚಿದರೆ, ಆ ತೇವವನ್ನೇ ಒಳಗೆ ಕಟ್ಟಿಕೊಟ್ಟ ಹಾಗೆ.

ಹನಿಗಳು ದಿಕ್ಕಿನ ದೋಷ. ಇಲ್ಲಿ ಹರಿಕೇನ್ ಗಡಿಯಾರಕ್ಕೆ ಎದುರಾಗಿ ಸುತ್ತುತ್ತದೆ. ಕಣ್ಣು ನಿಮ್ಮ ಯಾವ ಕಡೆ ಹಾದುಹೋಗುತ್ತದೆ ಅನ್ನುವುದರ ಮೇಲೆ ಗಾಳಿಯ ದಿಕ್ಕು ನಿಂತಿದೆ. ಇಯಾನ್‌ನ ಕಣ್ಣು ಫೋರ್ಟ್ ಮೈಯರ್ಸ್ ಬೀಚ್‌ನ ವಾಯುವ್ಯಕ್ಕೆ ಹೋಯಿತು. ಅಲ್ಲಿ ಗಾಳಿ ಮೊದಲು ನೆಲದ ಕಡೆಯಿಂದ ಬೀಸಿ, ಆಮೇಲೆ ತಿರುಗಿ ಕಡಲ ಕಡೆಯಿಂದ ಬೀಸಿತು. ಕಡಲಿಗೆ ಮುಖ ಮಾಡಿದ ಗಾಜು ಮೊದಲು ಒಣಗಿರುತ್ತದೆ, ನೀರು ಏರುವ ಹೊತ್ತಿಗೆ ಸರಿಯಾಗಿ ಹನಿಯಿಂದ ಮುಚ್ಚುತ್ತದೆ. ರಸ್ತೆಯ ಉದ್ದಕ್ಕೆ, ಗಾಳಿಗೆ ಅಡ್ಡಲಾಗಿ ಮುಖ ಮಾಡಿಸಿದರೆ ಇದು ಎಷ್ಟೋ ಕಡಿಮೆ. ಫೋಕಸ್ ಆಟೋದಲ್ಲಿ ಬಿಡಬೇಡಿ. ಕತ್ತಲಾದರೆ ಅದು ದೂರದ ಮನೆ ಬಿಟ್ಟು ಗಾಜಿನ ಮೇಲಿನ ಹನಿಯನ್ನೇ ಹಿಡಿದು ಕೂರುತ್ತದೆ. ದೂರಕ್ಕೆ ಹೊಂದಿಸಿ ಬೀಗ ಹಾಕಿ.

ರಾತ್ರಿ ಬರುವ ಹರಿಕೇನ್‌ನಲ್ಲಿ ಪೂರ್ತಿ ಕಪ್ಪು ಚಿತ್ರ ಬಂದರೆ ಕ್ಯಾಮೆರಾ ಬಯ್ಯಬೇಡಿ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಬಂದದ್ದು ರಾತ್ರಿ 11 ದಾಟಿದ ಮೇಲೆ. ಅಂಥ ಹೊತ್ತಿಗೆ ಬೀದಿದೀಪಗಳೂ ಆರಿರುತ್ತವೆ. ದೀಪ ನೀವೇ ಇಡಬೇಕು, ಕ್ಯಾಮೆರಾದಿಂದ ದೂರ ಇನ್ನೊಂದು ಕಂಬಕ್ಕೆ. ಪಕ್ಕದಲ್ಲೇ ಇಟ್ಟರೆ ಮಳೆಹನಿಗಳೇ ಬೆಳಗುತ್ತವೆ, ರಸ್ತೆ ಕಾಣುವುದಿಲ್ಲ.

ಪೆಟ್ಟಿಗೆ ಜಾಗದಲ್ಲೇ ಇಲ್ಲದಿದ್ದರೆ

ಬರೀ ಗಾಳಿ ಕಿತ್ತುಕೊಂಡು ಹೋಯಿತು ಅನ್ನುವುದು ಅಪರೂಪ. ಸಾಮಾನ್ಯವಾಗಿ ಅದು ತೇಲಿ ಹೋಗಿರುತ್ತದೆ. 12 ಲೀಟರ್ ಪೆಟ್ಟಿಗೆ ಪೂರ್ತಿ ಮುಳುಗಿದರೆ ಕಡಲ ನೀರು ಅದನ್ನು 12 ಕೆಜಿಗಿಂತ ಸ್ವಲ್ಪ ಜಾಸ್ತಿ ಬಲದಲ್ಲಿ ಮೇಲಕ್ಕೆ ನೂಕುತ್ತದೆ. ಪೆಟ್ಟಿಗೆಯ ತೂಕ 4 ಕೆಜಿ ಇದ್ದರೆ, ಉಳಿದ 8 ಕೆಜಿ ಬಲ ಗಂಟೆಗಟ್ಟಲೆ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ನಾವು ಕಟ್ಟುವಾಗ ಕೆಳಗೆ ಬೀಳದಂತೆ ಕಟ್ಟುತ್ತೇವೆ. ಮೇಲೆ ಜಾರದಂತೆ ಯಾರೂ ಯೋಚಿಸುವುದಿಲ್ಲ.

ಕಂಬದ ಮೇಲಿನ ಗುರುತು ನೋಡಿ. ಮೇಲ್ಮುಖವಾಗಿ ಉಜ್ಜಿದ ಗೆರೆ ಇದ್ದರೆ ಜಾರಿದೆ. ಪಟ್ಟಿ ತುಂಡಾಗಿ ಅಲ್ಲೇ ನೇತಾಡುತ್ತಿದ್ದರೆ ತೇಲಿಬಂದ ಮರವೋ ತಗಡೋ ಕಡಿದಿದೆ. ಜಾರಿದ್ದು ನೈಲಾನ್ ಪಟ್ಟಿಯಾದರೆ ಅದೇ ಕಾರಣ ಇರಬಹುದು, ಒದ್ದೆಯಾದರೆ ನೈಲಾನ್ ಹಿಗ್ಗುತ್ತದೆ. ಪಾಲಿಯೆಸ್ಟರ್ ಪಟ್ಟಿ ಅಥವಾ ಸ್ಟೀಲ್ ಬ್ಯಾಂಡ್ ಹಾಕಿ, ಪೆಟ್ಟಿಗೆಯ ಮೇಲೂ ಒಂದು ಅಡ್ಡ ತಡೆ ಕೊಡಿ.

ಕಂಬವೇ ಹೋಗಿದ್ದರೆ ಆಯ್ಕೆ ತಪ್ಪಿದೆ. ಮೆಕ್ಸಿಕೋ ಬೀಚ್‌ನಲ್ಲಿ ಮನೆಗಳು ಅಡಿಪಾಯದ ಮೇಲಿಂದ ಕೊಚ್ಚಿಹೋದವು. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ಕಡಲೊಳಗೆ ಚಾಚಿದ್ದ ಕಟ್ಟೆ ಕೊಚ್ಚಿಹೋಗಿ ಬರೀ ಕಂಬಗಳು ಉಳಿದವು. ಮನೆಯ ಜಗಲಿ, ಮರದ ಕಟ್ಟೆ ಬೇಡ. ದಪ್ಪ ಕಾಂಕ್ರೀಟ್ ಕಂಬ ಹುಡುಕಿ, ಅದರ ಮಾಲೀಕರ ಒಪ್ಪಿಗೆ ಪಡೆದು ಕಟ್ಟಿ. ಅಂಥ ಕಡೆ ಕಬ್ಬಿಣದ ಕೊಳವೆಯೊಂದನ್ನು ಮೊದಲೇ ಯಾರೋ ಕಟ್ಟಿರುವುದು ಕಂಡರೆ ಮುಟ್ಟಬೇಡಿ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ ಹರಿಕೇನ್ ಬರುವ ಮುಂಚೆ ನೀರಿನ ಎತ್ತರ ಅಳೆಯುವ ಸೆನ್ಸರ್‌ಗಳನ್ನು ಹೀಗೆ ಕಟ್ಟಿ ಹೋಗುತ್ತದೆ. ಅದರ ಪಕ್ಕದಲ್ಲಿ ನಿಮ್ಮ ಕ್ಯಾಮೆರಾ ಇದ್ದರೆ ಒಳ್ಳೆಯದೇ. ಅದು ಅಂಕಿ ಕೊಡುತ್ತದೆ, ನಿಮ್ಮದು ಆ ಅಂಕಿ ಹೇಗೆ ಕಾಣುತ್ತದೆ ಅಂತ ತೋರಿಸುತ್ತದೆ. ಎದುರಿನ ಗೋಡೆಗೆ ಒಂದೊಂದು ಅಡಿಗೆ ಬಣ್ಣದ ಟೇಪ್ ಅಂಟಿಸಿ ಬನ್ನಿ.

ಏನೂ ಕೆಟ್ಟಿಲ್ಲ, ಆದರೂ ಕೆಲಸಕ್ಕೆ ಬಾರದು

ವಿಡಿಯೋ ಇದೆ, ಹೊತ್ತು ತಪ್ಪಿದೆ. ಇದನ್ನು ಸಣ್ಣ ತಪ್ಪು ಅನ್ನಬೇಡಿ. ನೀರು ಎಷ್ಟು ಹೊತ್ತಿಗೆ ಎಷ್ಟು ಏರಿತು ಅಂತ ಹೇಳಲಾಗದಿದ್ದರೆ ಅದು ಬರೀ ಭಯ ಹುಟ್ಟಿಸುವ ಚಿತ್ರ ಆಗಿ ಉಳಿಯುತ್ತದೆ. ಮೆಕ್ಸಿಕೋ ಬೀಚ್ ಸೆಂಟ್ರಲ್ ಟೈಮ್‌ನಲ್ಲಿದೆ. ಪಕ್ಕದ ಕೌಂಟಿಗೆ ಕಾಲಿಟ್ಟರೆ ದಂಡೆಯುದ್ದಕ್ಕೂ ಈಸ್ಟರ್ನ್ ಟೈಮ್. ಮೈಕಲ್ ನೆಲ ಮುಟ್ಟಿದ್ದು ಒಬ್ಬರ ಗಡಿಯಾರದಲ್ಲಿ ಹನ್ನೆರಡೂವರೆ, ಇನ್ನೊಬ್ಬರದರಲ್ಲಿ ಒಂದೂವರೆ. ಎಲ್ಲ ಕ್ಯಾಮೆರಾವನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯಕ್ಕೆ, ಇಡಿ. ಅದರಲ್ಲಿ 17:30, ಗೊಂದಲವೇ ಇಲ್ಲ. ರೆಕಾರ್ಡಿಂಗ್ ಶುರು ಮಾಡಿದ ಕೂಡಲೇ ಫೋನಿನ ಜಿಪಿಎಸ್ ಗಡಿಯಾರವನ್ನು ಹತ್ತು ಸೆಕೆಂಡ್ ತೋರಿಸಿ. ತಂದ ಮೇಲೆ, ಕ್ಯಾಮೆರಾ ಇನ್ನೂ ಓಡುತ್ತಿದ್ದರೆ, ಮತ್ತೆ ತೋರಿಸಿ. ಎರಡರ ನಡುವಿನ ಅಂತರವೇ ಗಡಿಯಾರ ಜಾರಿದ ಪ್ರಮಾಣ.

ಇನ್ನೊಂದು, ಜಾಗವೇ ತಪ್ಪಿರುವುದು. ಇಯಾನ್ ಮೊದಲು ಟ್ಯಾಂಪಾ ಕಡೆ ಬರುತ್ತದೆ ಅಂತ ಅಂದಾಜಿತ್ತು. ಆಮೇಲೆ ದಾರಿ ದಕ್ಷಿಣಕ್ಕೆ ಸರಿಯಿತು. ನಾವು ಕಣ್ಣಿನ ಎಡಗಡೆ ಉಳಿದೆವು. ಗಾಳಿ ನೀರನ್ನು ಹೊರಕ್ಕೆ ನೂಕಿ ಟ್ಯಾಂಪಾ ಕೊಲ್ಲಿಯ ತಳವೇ ಕಂಡಿತು. ಆ ದಿನ ಇಲ್ಲಿ ಇಟ್ಟ ಕ್ಯಾಮೆರಾದಲ್ಲಿ ಸರ್ಜ್ ಇಲ್ಲ ಅಂದರೆ ಅದರಲ್ಲಿ ಹುಡುಕಲು ದೋಷವಿಲ್ಲ. ನೀರು ಹಿಂದೆ ಸರಿದದ್ದನ್ನು ಅದು ಸರಿಯಾಗಿಯೇ ಹಿಡಿದಿರುತ್ತದೆ, ಅದನ್ನೂ ಜೋಪಾನ ಮಾಡಿ.

ಮೂರನೇ ಪೆಟ್ಟಿಗೆ ಈಗ

ಕಾರಣ ಊಹಿಸಿದರೆ ಸಾಲದು, ಅದೇ ದೋಷವನ್ನು ಮತ್ತೆ ಬರಿಸಿ ನೋಡಬೇಕು. ಅದೇ ಕ್ಯಾಮೆರಾ, ಅದೇ ಬ್ಯಾಂಕ್, ಅದೇ ವೈರ್, ಅದೇ ಟೈಮರ್. ಅಡುಗೆಮನೆಯ ಮೇಜಿನ ಮೇಲಿಟ್ಟು ಮಲಗಿದೆ. ಬೆಳಿಗ್ಗೆ ಆರಕ್ಕೆ ಕ್ಯಾಮೆರಾ ಎದ್ದಿತು. ಬ್ಯಾಂಕ್‌ನಲ್ಲಿ ಒಂದು ದೀಪವೂ ಇಲ್ಲ. ಏಳೂವರೆ ಹೊತ್ತಿಗೆ ಕ್ಯಾಮೆರಾ ಆರಿತು. ಬ್ಯಾಂಕ್‌ನ ಬಟನ್ ಒತ್ತಿದೆ, ಮೂರು ದೀಪ ಹತ್ತಿದವು.

ಬ್ಯಾಂಕ್ ತೆಗೆದು 12.8 ವೋಲ್ಟ್‌ನ, 12 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದೆ. ಜೊತೆಗೆ 5 ವೋಲ್ಟ್‌ಗೆ ಇಳಿಸುವ ಚಿಕ್ಕ ಬೋರ್ಡ್ ಮತ್ತು ಒಂದು ಫ್ಯೂಸ್. ಇದಕ್ಕೆ ನಿದ್ದೆಯ ಅಭ್ಯಾಸ ಇಲ್ಲ. ಲೆಕ್ಕದಲ್ಲಿ 153 ವ್ಯಾಟ್ ಅವರ್, ಕೈಗೆ ಸುಮಾರು 130, ಅಂದರೆ 26 ಗಂಟೆ. ಟೈಮರ್ ಬೇಕಾಗಲೇ ಇಲ್ಲ. ಪೆಟ್ಟಿಗೆ ಮುಚ್ಚಿ, ಮಳೆ ಬರುವ ಒಂದು ಶನಿವಾರ ಹಿತ್ತಿಲ ಬೇಲಿಯ ಕಂಬಕ್ಕೆ ಕಟ್ಟಿ, ಮರುದಿನ ಅದೇ ಹೊತ್ತು ದಾಟುವವರೆಗೆ ಬಿಟ್ಟೆ. ಬಿಚ್ಚಿದಾಗ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಕಾರ್ಡಿನಲ್ಲಿ ಐದೈದು ನಿಮಿಷದ ಫೈಲ್‌ಗಳು ಸಾಲಾಗಿದ್ದವು, ಎಲ್ಲವೂ ತೆರೆದವು.

ಮುಚ್ಚಳದ ಮೇಲೆ ಗೆಳೆಯ ಅಳಿಸದ ಬಣ್ಣದಲ್ಲಿ ಬರೆದಿದ್ದಾನೆ: ಇದು ಕ್ಯಾಮೆರಾ, ಅಪಾಯವಿಲ್ಲ, ಸಿಕ್ಕಿದವರು ಈ ನಂಬರಿಗೆ ಫೋನ್ ಮಾಡಿ. ಇಯಾನ್‌ನಲ್ಲಿ ಸ್ಯಾನಿಬೆಲ್ ದ್ವೀಪದ ಸೇತುವೆ ದಾರಿಯೇ ಕುಸಿದಿತ್ತು. ಅಂಥ ಕಡೆ ಪೆಟ್ಟಿಗೆ ದಿನಗಟ್ಟಲೆ ಒಂಟಿಯಾಗಿ ಇರಬೇಕಾಗುತ್ತದೆ. ಅದರ ಕೆಳಗೆ ನಾನು ಒಂದು ಸಾಲು ಸೇರಿಸಿದೆ: ದಯವಿಟ್ಟು ಆನ್ ಮಾಡಬೇಡಿ.